ಮನೆಯೇ ಇಗರ್ಜಿಯಾದ ಕಾಲ

ಪೂಜೆ ನಡೆಸಲು ಗುರುಗಳಿಲ್ಲ, ಕೂಡಿ ಪ್ರಾರ್ಥಿಸಲು ಮಂದಿರವಿಲ್ಲ, ಕೈಯಲ್ಲಿ ಹಿಡಿದು ಓದಲು ಧರ್ಮಗ್ರಂಥವಿಲ್ಲ. ನಂಬಿಕೆಯನ್ನು ಬಾಯಿಬಿಟ್ಟು ಹೇಳಿದರೆ ಪ್ರಾಣಕ್ಕೇ ಸಂಚಕಾರ. ಇಂಥ ಸ್ಥಿತಿಯಲ್ಲಿ ಒಂದು ಧರ್ಮ ಎಷ್ಟು ಕಾಲ ಉಳಿದೀತು? ಒಂದು ತಲೆಮಾರು? ಹೆಚ್ಚೆಂದರೆ ಎರಡು ತಲೆಮಾರು?

ಜಪಾನಿನ ನೈರುತ್ಯ ಮೂಲೆಯಲ್ಲಿರುವ ಕ್ಯೂಶೂ ದ್ವೀಪದ ಕೆಲವು ಹಳ್ಳಿಗಳಲ್ಲಿ ಅದು ಏಳೆಂಟು ತಲೆಮಾರು ಉಳಿಯಿತು. 1614ರಲ್ಲಿ ಜಪಾನಿನಾದ್ಯಂತ ನಿಷೇಧಕ್ಕೊಳಗಾದ ಕ್ರೈಸ್ತ ಧರ್ಮವನ್ನು ಅಲ್ಲಿನ ರೈತರು ಮತ್ತು ಮೀನುಗಾರರು 1873ರವರೆಗೆ ಗುಟ್ಟಾಗಿ ಪಾಲಿಸಿಕೊಂಡು ಬಂದರು. ಅದರಲ್ಲೂ 1644ರಿಂದೀಚೆಗಿನ 220 ವರ್ಷ ಅವರ ನಡುವೆ ಒಬ್ಬನೇ ಒಬ್ಬ ಪಾದ್ರಿಯೂ ಇರಲಿಲ್ಲ. ಈ ಜನರ ಕತೆ ಹೇಳುವಾಗ ಶಿಲುಬೆಗೇರಿದವರ, ಚಿತೆಯಲ್ಲಿ ಬೆಂದವರ ಹೆಸರುಗಳು ಮೊದಲು ಬರುತ್ತವೆ. ಆದರೆ ನಂಬಿಕೆಯನ್ನು ಇಷ್ಟು ದೂರ ಹೊತ್ತು ತಂದದ್ದು ಹುತಾತ್ಮರ ಧೈರ್ಯವೊಂದೇ ಅಲ್ಲ. ಮಗುವಿಗೆ ನೀರು ಹಾಕಿ ಹೆಸರಿಡುವುದು, ಹಬ್ಬದ ದಿನ ಎಣಿಸುವುದು, ಸತ್ತವರಿಗಾಗಿ ಪ್ರಾರ್ಥಿಸುವುದು, ಕೂಡಿ ಉಣ್ಣುವುದು ಮುಂತಾದ ತೀರ ಸಾಧಾರಣ ಮನೆಗೆಲಸಗಳು ಅದಕ್ಕಿಂತ ದೊಡ್ಡ ಭಾರವನ್ನು ಹೊತ್ತವು.

ಗೋವಾದಿಂದ ಹೊರಟ ಪಯಣ

ಈ ಕತೆಯ ಆರಂಭ ನಮ್ಮ ಪಶ್ಚಿಮ ಕರಾವಳಿಯಲ್ಲಿದೆ. ಊರು ಬಿಟ್ಟು ಓಡಿಬಂದಿದ್ದ ಅಂಜಿರೋ ಎಂಬ ಜಪಾನೀಯನೊಬ್ಬ 1548ರಲ್ಲಿ ಗೋವಾದಲ್ಲಿ ದೀಕ್ಷಾಸ್ನಾನ ಪಡೆದು, ಅಲ್ಲಿನ ಸಂತ ಪೌಲರ ಕಾಲೇಜಿನಲ್ಲಿ ಕಲಿತ. ಮರುವರ್ಷ ಅವನನ್ನೇ ಜೊತೆಗೆ ಕರೆದುಕೊಂಡು ಫ್ರಾನ್ಸಿಸ್ ಕ್ಸೇವಿಯರ್ ಗೋವಾದಿಂದ ಪೂರ್ವಕ್ಕೆ ಹೊರಟರು. 1549ರ ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬದ ದಿನ, ಅವರು ಕ್ಯೂಶೂವಿನ ಕಾಗೋಶಿಮಾದಲ್ಲಿ ಇಳಿದರು. ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಇಂದಿಗೂ ಯಾರ ದೇಹವನ್ನು ಕಾಣಲು ಕರಾವಳಿಯ ಜನ ಹೋಗುತ್ತಾರೋ ಅದೇ ಕ್ಸೇವಿಯರ್ ಇವರು.

ಮುಂದಿನ ಅರ್ಧ ಶತಮಾನದಲ್ಲಿ ಹೊಸ ಧರ್ಮ ವೇಗವಾಗಿ ಹಬ್ಬಿತು. ಪೋರ್ಚುಗೀಸರ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದ ಕ್ಯೂಶೂವಿನ ಕೆಲವು ಪಾಳೆಯಗಾರರು ತಾವೇ ದೀಕ್ಷೆ ಪಡೆದರು, ಪ್ರಜೆಗಳು ಹಿಂಬಾಲಿಸಿದರು. ಹದಿನೇಳನೆಯ ಶತಮಾನದ ಆರಂಭದ ಹೊತ್ತಿಗೆ ಜಪಾನಿನಲ್ಲಿ ಸುಮಾರು 3 ಲಕ್ಷ ಕ್ರೈಸ್ತರಿದ್ದರೆಂದು ಇತಿಹಾಸಕಾರರ ಅಂದಾಜು.

ಇಷ್ಟು ಜನಕ್ಕೆ ಸಾಕಾಗುವಷ್ಟು ಪಾದ್ರಿಗಳು ಎಂದೂ ಇರಲಿಲ್ಲ. ಆದ್ದರಿಂದ ಮಿಷನರಿಗಳು ಹಳ್ಳಿಹಳ್ಳಿಗಳಲ್ಲಿ ಭಕ್ತಸಂಘಗಳನ್ನು ಕಟ್ಟಿದರು. ರೋಗಿಗಳನ್ನು ನೋಡಿಕೊಳ್ಳುವುದು, ಸತ್ತವರನ್ನು ಮಣ್ಣುಮಾಡುವುದು, ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು, ಭಾನುವಾರ ಯಾರದಾದರೂ ಮನೆಯಲ್ಲಿ ಸೇರುವುದು ಈ ಸಂಘಗಳ ಕೆಲಸ. ಊರಿನ ಹಿರಿಯ ರೈತನೊಬ್ಬ ಅದರ ಮುಖ್ಯಸ್ಥ. ಪಾದ್ರಿಗಳ ಕೊರತೆ ತುಂಬಲು ಮಾಡಿಕೊಂಡ ಈ ತಾತ್ಕಾಲಿಕ ಏರ್ಪಾಡೇ ಮುಂದೆ ಇಡೀ ಸಮುದಾಯವನ್ನು ಕಾಯುತ್ತದೆಂದು ಆಗ ಯಾರೂ ಊಹಿಸಿರಲಾರರು.

ಪ್ರತಿ ಮನೆಯ ಮೇಲೂ ಕಣ್ಣು

ಜಪಾನನ್ನು ಒಗ್ಗೂಡಿಸುತ್ತಿದ್ದ ಆಳರಸರಿಗೆ ಈ ಧರ್ಮದ ಹಿಂದೆ ಪರದೇಶದ ಸೈನ್ಯದ ನೆರಳು ಕಂಡಿತು. 1587ರಲ್ಲಿ ಹಿದೆಯೋಶಿ ಮಿಷನರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. 1597ರ ಫೆಬ್ರುವರಿ 5ರಂದು ನಾಗಸಾಕಿಯ ಗುಡ್ಡವೊಂದರ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲೊಬ್ಬ ಗೊನ್ಸಾಲೊ ಗಾರ್ಸಿಯಾ, ಮುಂಬಯಿ ಬಳಿಯ ವಸೈಯಲ್ಲಿ ಹುಟ್ಟಿದವನು. ಟೊಕುಗಾವಾ ಮನೆತನ ಅಧಿಕಾರಕ್ಕೆ ಬಂದ ಮೇಲೆ 1614ರಲ್ಲಿ ನಿಷೇಧ ಪೂರ್ಣವಾಯಿತು. ಇಗರ್ಜಿಗಳನ್ನು ಕೆಡವಿದರು. ಪಾದ್ರಿಗಳನ್ನು ಹಡಗು ಹತ್ತಿಸಿ ಮಕಾವ್ ಮತ್ತು ಮನಿಲಾಕ್ಕೆ ಕಳಿಸಿದರು. ಕದ್ದು ಉಳಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದರು.

1637ರಲ್ಲಿ ಶಿಮಾಬಾರಾ ಮತ್ತು ಅಮಾಕುಸಾದ ರೈತರು ತೆರಿಗೆಯ ಹಿಂಸೆ ತಾಳಲಾರದೆ ದಂಗೆಯೆದ್ದರು. ಅವರಲ್ಲಿ ಬಹುಪಾಲು ಕ್ರೈಸ್ತರು. ಮರುವರ್ಷ ಹಾರಾ ಕೋಟೆಯಲ್ಲಿ ಸರಕಾರದ ಸೈನ್ಯ ಅವರನ್ನು ಹೆಂಗಸರು ಮಕ್ಕಳೆನ್ನದೆ ಕೊಂದುಹಾಕಿತು. ಕತ್ತಿ ಹಿಡಿದ ದಾರಿ ಅಲ್ಲಿಗೆ ಮುಗಿಯಿತು. 1639ರಲ್ಲಿ ಪೋರ್ಚುಗೀಸ್ ಹಡಗುಗಳಿಗೂ ಬಾಗಿಲು ಮುಚ್ಚಿತು. ದೇಶದೊಳಗೆ ಉಳಿದಿದ್ದ ಕೊನೆಯ ಪಾದ್ರಿ ಕೊನಿಶಿ ಮಾನ್ಶೊ 1644ರಲ್ಲಿ ಹುತಾತ್ಮನಾದ.

ಬಳಿಕದ ವ್ಯವಸ್ಥೆ ಮನೆಯನ್ನೇ ಗುರಿಯಾಗಿಟ್ಟುಕೊಂಡಿತ್ತು. ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಿ, ತಾವು ಕ್ರೈಸ್ತರಲ್ಲವೆಂಬ ಪತ್ರ ಪಡೆಯಬೇಕು. ಸಾವಾದರೆ ಆ ದೇವಾಲಯದ ಭಿಕ್ಷುವೇ ಬಂದು ಕ್ರಿಯೆ ನಡೆಸಬೇಕು. ಐದೈದು ಮನೆಗಳ ಗುಂಪು ಮಾಡಿ ಒಬ್ಬರ ತಪ್ಪಿಗೆ ಎಲ್ಲರೂ ಹೊಣೆಯೆಂದು ಗೊತ್ತುಪಡಿಸಿದರು. ಸುಳಿವು ಕೊಟ್ಟವರಿಗೆ ಬೆಳ್ಳಿಯ ನಾಣ್ಯಗಳ ಬಹುಮಾನವೆಂದು ಊರ ಬಾಗಿಲಲ್ಲಿ ಹಲಗೆ ತೂಗುಹಾಕಿದರು.

ಎಲ್ಲಕ್ಕಿಂತ ಕಠಿಣವಾದದ್ದು 'ಫುಮಿ-ಎ', ಅಂದರೆ ತುಳಿಯುವ ಚಿತ್ರ. ಹೊಸ ವರ್ಷ ಬಂದಾಗ ನಾಗಸಾಕಿ ಸೀಮೆಯ ಪ್ರತಿಯೊಬ್ಬರೂ ಅಧಿಕಾರಿಗಳ ಮುಂದೆ ಯೇಸು ಅಥವಾ ಮರಿಯಳ ಚಿತ್ರವಿದ್ದ ಫಲಕವನ್ನು ಬರಿಗಾಲಿನಲ್ಲಿ ತುಳಿಯಬೇಕಾಗಿತ್ತು. ಹಾಸಿಗೆ ಹಿಡಿದವರಿಗೂ ಹಸುಳೆಗಳಿಗೂ ವಿನಾಯಿತಿ ಇರಲಿಲ್ಲ. 1669ರಲ್ಲಿ ಇದಕ್ಕಾಗಿಯೇ ಎರಕ ಹೊಯ್ಯಿಸಿದ ಹಿತ್ತಾಳೆಯ ಫಲಕಗಳು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಲೆಕ್ಕವಿಲ್ಲದಷ್ಟು ಪಾದಗಳ ಉಜ್ಜಿಗೆ ಅವುಗಳ ಮುಖಗಳನ್ನು ಸವೆಸಿದೆ.

ನೀರಿನವ, ಪಂಚಾಂಗದವ, ಹೇಳಿಬರುವವ

ಹೊರಗಿನ ಇಗರ್ಜಿ ಹೋದ ಮೇಲೆ ಏನು ಉಳಿಯಿತು? ಕಥೋಲಿಕ ಪದ್ಧತಿಯಲ್ಲಿ ಬಲಿಪೂಜೆಗೂ ಪಾಪನಿವೇದನೆಗೂ ಪಾದ್ರಿ ಬೇಕೇ ಬೇಕು. ದೀಕ್ಷಾಸ್ನಾನ ಹಾಗಲ್ಲ. ಅನಿವಾರ್ಯವಾದಾಗ ಯಾವ ಸಾಮಾನ್ಯ ವ್ಯಕ್ತಿಯೂ ನೀರು ಹಾಕಿ, ಗೊತ್ತಾದ ಮಾತು ಹೇಳಿ, ದೀಕ್ಷೆ ಕೊಡಬಹುದು. ಹಾಗೆಯೇ ಪ್ರಾರ್ಥನೆಗೂ ಉಪವಾಸಕ್ಕೂ ಹಬ್ಬಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಗುಟ್ಟಿನ ಕ್ರೈಸ್ತರು ತಮ್ಮ ಬದುಕನ್ನು ಉಳಿದುಕೊಂಡ ಈ ಸಂಗತಿಗಳ ಮೇಲೆ ಕಟ್ಟಿಕೊಂಡರು.

ನಾಗಸಾಕಿಯ ಪಕ್ಕದ ಉರಕಾಮಿ ಕಣಿವೆಯಲ್ಲೂ ಸೊತೊಮೆಯ ಕಡಲಂಚಿನ ಹಳ್ಳಿಗಳಲ್ಲೂ ಮೂರು ಬಗೆಯ ಹಿರಿಯರಿದ್ದರು. 'ಚೋಕಾತಾ' ಎಂಬವನು ಪಂಚಾಂಗದವ: ಹಬ್ಬ, ಉಪವಾಸ, ಭಾನುವಾರಗಳ ಲೆಕ್ಕ ಅವನದು. 'ಮಿಜುಕಾತಾ' ನೀರಿನವ: ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಕೊಡುವವನು. 'ಕಿಕಿಯಾಕು' ಹೇಳಿಬರುವವ: ಈ ವಾರ ಯಾವ ಹಬ್ಬ, ಯಾವ ದಿನ ಉಪವಾಸ ಎಂದು ಮನೆಮನೆಗೆ ಗುಟ್ಟಾಗಿ ತಿಳಿಸುವವನು. ಮೂವರೂ ಎಲ್ಲರಂತೆ ಗದ್ದೆಗಿಳಿದು ದುಡಿಯುವ ರೈತರೇ. ಪಾದ್ರಿಯ ಸ್ಥಾನವನ್ನು ಯಾರೊಬ್ಬನೂ ತುಂಬಲಿಲ್ಲ. ಪಾದ್ರಿ ಮಾಡುತ್ತಿದ್ದ ಕೆಲಸಗಳಲ್ಲಿ ಸಾಧ್ಯವಾದಷ್ಟನ್ನು ಊರು ಹಂಚಿಕೊಂಡಿತು.

ಪಂಚಾಂಗದ ಮೂಲಪುರುಷ ಬಾಸ್ತಿಯನ್ ಎಂಬ ಜಪಾನೀ ಧರ್ಮೋಪದೇಶಕನೆಂದು ಐತಿಹ್ಯ. ಅವನ ಹೆಸರಿನ ಪಂಚಾಂಗ 1634ರ ಹಬ್ಬಗಳನ್ನು ಆಧರಿಸಿದ್ದು. ಯೂರೋಪಿನ ಸೌರಮಾನದ ದಿನಗಳನ್ನು ಜಪಾನಿನ ಚಾಂದ್ರಮಾನಕ್ಕೆ ಹೊಂದಿಸಿ ವರ್ಷವರ್ಷವೂ ಹೊಸದಾಗಿ ಎಣಿಸಬೇಕಾಗಿತ್ತು. ಅದರಲ್ಲಿ ಹೊಲಗೆಲಸ ಹೊಲಿಗೆ ಮಾಡಬಾರದ ದಿನಗಳೂ ಇದ್ದವು. ಅಂಥ ದಿನ ಹೆಂಗಸು ಸೂಜಿ ಮುಟ್ಟದೆ ಕುಳಿತರೆ ಅಧಿಕಾರಿಯ ಕಣ್ಣಿಗೆ ಅದರಲ್ಲೇನೂ ಕಾಣುವುದಿಲ್ಲ. ಆದರೆ ಊರಿನ ನೂರು ಮನೆಗಳಲ್ಲಿ ಅದೇ ದಿನ ಸೂಜಿ ಮುಟ್ಟುವುದಿಲ್ಲವೆಂಬುದು ಅವಳಿಗೆ ಗೊತ್ತು. ಒಂಟಿಯಲ್ಲವೆಂಬ ಅರಿವು ಇಷ್ಟರಿಂದಲೇ ಅವಳಿಗೆ ಸಿಗುತ್ತಿತ್ತು.

ಪಶ್ಚಿಮದ ಇಕಿತ್ಸುಕಿ ದ್ವೀಪದ ಪದ್ಧತಿ ಸ್ವಲ್ಪ ಬೇರೆ. ಅಲ್ಲಿ ದೇವರ ಚಿತ್ರವನ್ನು ಸುರುಳಿಯಾಗಿ ಸುತ್ತಿ ಒಳಕೋಣೆಯ ಗೂಡಿನಲ್ಲಿ ಅಡಗಿಸಿಡುತ್ತಿದ್ದರು. 'ನಾಂದೊ-ಗಾಮಿ', ಅಂದರೆ ಒಳಕೋಣೆಯ ದೇವರು, ಎಂದು ಅದಕ್ಕೆ ಹೆಸರು. ಯಾರ ಮನೆಯಲ್ಲಿ ಆ ಚಿತ್ರವಿದೆಯೋ ಅವರ ಮನೆಯೇ ಗುಂಪಿನ ಮಂದಿರ. ಹಬ್ಬದ ದಿನ ಸೇರಿ ಪ್ರಾರ್ಥಿಸಿ, ರೊಟ್ಟಿ ಮತ್ತು ದ್ರಾಕ್ಷಾರಸದ ಜಾಗದಲ್ಲಿ ಹಸಿ ಮೀನು ಮತ್ತು ಅಕ್ಕಿಯ ಮದ್ಯವನ್ನು ಹಂಚಿಕೊಳ್ಳುತ್ತಿದ್ದರು. ದೀಕ್ಷೆಗೆ ಬೇಕಾದ ನೀರನ್ನು 1620ರ ದಶಕದಲ್ಲಿ ತಮ್ಮವರು ಹುತಾತ್ಮರಾದ ನಾಕಾಎನೊಶಿಮಾ ಎಂಬ ನಿರ್ಜನ ನಡುಗಡ್ಡೆಯ ಬಂಡೆಯ ಬಿರುಕಿನಿಂದ ತರುತ್ತಿದ್ದರು.

ಉರಕಾಮಿಯಂಥ ಕಡೆ ಮತ್ತೊಂದು ಉಪಾಯವಿತ್ತು. ಮಗುವನ್ನು ಎತ್ತಿಕೊಂಡಿರುವ ಬೌದ್ಧರ ಕರುಣಾದೇವತೆ ಕಾನ್ನೊನ್‌ಳ ಬಿಳಿ ಪಿಂಗಾಣಿ ಗೊಂಬೆಗಳು ಚೀನಾದಿಂದ ಬರುತ್ತಿದ್ದವು. ಕ್ರೈಸ್ತ ಮನೆಯಲ್ಲಿ ಅವಳೇ ಮರಿಯ. ನೋಡಲು ಬಂದವನಿಗೆ ಕಾನ್ನೊನ್, ಮನೆಯವರಿಗೆ ತಾಯಿ.

ಅರ್ಥ ಸವೆದರೂ ಉಳಿದ ದನಿ

ಇವರ ಪ್ರಾರ್ಥನೆಗಳಿಗೆ 'ಒರಾಶೊ' ಎಂದು ಹೆಸರು. ಲ್ಯಾಟಿನಿನ 'ಒರಾತಿಯೊ' ಜಪಾನೀ ನಾಲಗೆಯಲ್ಲಿ ಹೀಗಾಯಿತು. ಬರೆದಿಟ್ಟರೆ ಅಪಾಯವೆಂದು ತಂದೆಯಿಂದ ಮಗನಿಗೆ ಬಾಯಿಪಾಠವಾಗಿ ಇಳಿದು ಬಂದ ಲ್ಯಾಟಿನ್, ಪೋರ್ಚುಗೀಸ್, ಜಪಾನೀ ಬೆರೆತ ಮಾತುಗಳ ಅರ್ಥ ಕಾಲಕ್ರಮದಲ್ಲಿ ಹೇಳುವವರಿಗೇ ಮಸುಕಾಯಿತು. ಇಕಿತ್ಸುಕಿಯವರು 'ಗುರುರಿಯೋಜಾ' ಎಂದು ಹಾಡುತ್ತಿದ್ದ ಒಂದು ಪ್ರಾರ್ಥನೆಯ ಬೆನ್ನುಹತ್ತಿದ ಸಂಗೀತಶಾಸ್ತ್ರಜ್ಞ ಮಿನಾಗಾವಾ ತಾತ್ಸುಒ ಇಪ್ಪತ್ತನೆಯ ಶತಮಾನದಲ್ಲಿ ಅದರ ಮೂಲವನ್ನು ಹದಿನಾರನೆಯ ಶತಮಾನದ ಸ್ಪೇನಿನ ಕೀರ್ತನೆಯೊಂದರಲ್ಲಿ ಗುರುತಿಸಿದರು. ಲ್ಯಾಟಿನಿನ 'ಗ್ಲೋರಿಯೋಸಾ' ಎಂಬ ಪದ ದ್ವೀಪದ ಮೀನುಗಾರರ ಬಾಯಲ್ಲಿ ಹಾಗಾಗಿತ್ತು.

ಕನ್ನಡ ಕರಾವಳಿಯ ಓದುಗರಿಗೆ ಇದು ತೀರ ಅಪರಿಚಿತವಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆ ದೀಪ ಹಚ್ಚಿ, ಹಿರಿಯರು ಕಿರಿಯರು ಕೂಡಿ ಹೇಳುವ ಜಪಸರಕ್ಕೆ 'ತೇರ್ಸ್' ಎನ್ನುತ್ತಾರೆ. ಅದು ಪೋರ್ಚುಗೀಸಿನ 'ತೆರ್ಸು'. ಗೋವಾವನ್ನು ಕೇಂದ್ರವಾಗಿಟ್ಟುಕೊಂಡ ಅದೇ ಮಿಷನ್ನಿನ ಭಾಷೆ ಒಂದು ಕಡೆ 'ತೇರ್ಸ್' ಆಗಿ, ಇನ್ನೊಂದು ಕಡೆ 'ಒರಾಶೊ' ಆಗಿ ಮನೆಮಾತಿನಲ್ಲಿ ಬೇರುಬಿಟ್ಟಿತು.

ತುಳಿದು ಬಂದ ಮೇಲೆ

ಗುಟ್ಟಿನ ಕ್ರೈಸ್ತರನ್ನು ಕಳಂಕವಿಲ್ಲದ ಧೀರರೆಂದು ಚಿತ್ರಿಸುವುದು ಸುಲಭ. ಸತ್ಯ ಅದಕ್ಕಿಂತ ಕಷ್ಟದ್ದು. ಅವರಲ್ಲಿ ಬಹುಮಂದಿ ವರ್ಷವರ್ಷವೂ ಫಲಕವನ್ನು ತುಳಿದರು. ತುಳಿಯದಿದ್ದರೆ ಸಾಯುವುದು ಒಬ್ಬನಲ್ಲ. ಐದು ಮನೆಗಳು, ಬಹುಶಃ ಇಡೀ ಊರು. ತುಳಿದರೆ ತಾವು ಪೂಜಿಸುವ ಮುಖದ ಮೇಲೆ ಕಾಲಿಟ್ಟಂತೆ. ಮನೆಗೆ ಬಂದ ಮೇಲೆ ಆ ಪಾಪವನ್ನು ತೊಳೆಯಲು ಪಾಪನಿವೇದನೆ ಕೇಳುವ ಪಾದ್ರಿಯೂ ಇಲ್ಲ.

ಇಲ್ಲಿ ಅವರ ಕೈಹಿಡಿದದ್ದು ಒಂದು ಸಣ್ಣ ಹೊತ್ತಗೆ. 1603ರಲ್ಲಿ, ನಿಷೇಧ ಇನ್ನೂ ಪೂರ್ಣವಾಗುವ ಮೊದಲೇ, ಬಿಷಪ್ ಲೂಯಿಸ್ ಸೆರ್ಕೇರಾ ಸಿದ್ಧಪಡಿಸಿದ್ದೆಂದು ಹೇಳುವ ಈ ಹೊತ್ತಗೆಯ ವಿಷಯ 'ಕೊಂಚಿರಿಸಾನ್', ಅಂದರೆ ಪಶ್ಚಾತ್ತಾಪ. ಪಾದ್ರಿ ಸಿಗದ ಕಾಲದಲ್ಲಿ, ದೇವರ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಪೂರ್ಣ ಪಶ್ಚಾತ್ತಾಪ ಪಟ್ಟರೆ ಕ್ಷಮೆ ದೊರೆಯುತ್ತದೆ ಎಂಬುದು ಅದರ ಸಾರ. ಅದನ್ನು ಕೈಯಿಂದ ನಕಲು ಮಾಡಿ, ಬಾಯಿಪಾಠ ಮಾಡಿ, ಜನ ತಲೆತಲಾಂತರಕ್ಕೂ ಕಾಪಾಡಿಕೊಂಡರು. ತುಳಿದು ಬಂದವರು ಮನೆಯಲ್ಲಿ ಆ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ಮುಂದಿನ ವರ್ಷವೂ ತುಳಿಯಬೇಕಾಗುತ್ತದೆಂದು ಹೇಳುವವರಿಗೂ ಗೊತ್ತಿತ್ತು, ಕೇಳುವ ಮಕ್ಕಳಿಗೂ ಗೊತ್ತಿತ್ತು.

ಸಾವಿನ ಮನೆಯಲ್ಲೂ ಇದೇ ಇಬ್ಬಂದಿ. ಭಿಕ್ಷು ಬಂದು ಸೂತ್ರ ಪಠಿಸುತ್ತಿದ್ದರೆ, ಪಕ್ಕದ ಕೋಣೆಯಲ್ಲಿ ಒಬ್ಬಿಬ್ಬರು ಕುಳಿತು ಆ ಮಂತ್ರದ ಫಲವನ್ನು ಅಳಿಸುವ ಪ್ರಾರ್ಥನೆಯನ್ನು ತುಟಿಯೊಳಗೇ ಹೇಳುತ್ತಿದ್ದರು. ಭಿಕ್ಷು ಹೋದ ಮೇಲೆ ತಮ್ಮ ಕ್ರಮದ ಪ್ರಾರ್ಥನೆ ನಡೆಯುತ್ತಿತ್ತು. ಜಪಾನಿನ ಕಾದಂಬರಿಕಾರ ಎಂಡೊ ಶೂಸಾಕು 1966ರ 'ಮೌನ' ಕಾದಂಬರಿಯಲ್ಲಿ ಫಲಕ ತುಳಿಯುವ ಪಾದ್ರಿಯ ಸಂಕಟವನ್ನು ಚಿತ್ರಿಸಿ ಲೋಕಪ್ರಸಿದ್ಧರಾದರು. ಆ ಪಾದ್ರಿ ಅನುಭವಿಸಿದ ಸಂಕಟದೊಡನೆ ಸಂಸಾರ ನಡೆಸಿ, ಮಕ್ಕಳ ಮದುವೆ ಮಾಡಿ, ತೆರಿಗೆ ಕಟ್ಟಿ ಬಾಳಿದ ಏಳು ತಲೆಮಾರಿನ ಮನೆಗಳದು ಇನ್ನೊಂದು ಕತೆ.

ಅಧಿಕಾರಿಗಳಿಗೆ ಗುಮಾನಿ ಇರಲಿಲ್ಲವೆಂದಲ್ಲ. 1805ರಲ್ಲಿ ಅಮಾಕುಸಾದಲ್ಲಿ 5,000ದಷ್ಟು ಜನ ಸಿಕ್ಕಿಬಿದ್ದರು. ಸರಕಾರ ಅವರನ್ನು ದಾರಿತಪ್ಪಿದ ಹಳ್ಳಿಗರೆಂದು ಕರೆದು, ಫಲಕ ತುಳಿಸಿ, ಬಿಟ್ಟುಬಿಟ್ಟಿತು. ದುಡಿದು ತೆರಿಗೆ ಕಟ್ಟುವ ಅಷ್ಟು ರೈತರನ್ನು ಕಳೆದುಕೊಳ್ಳುವುದು ಆಳುವವರಿಗೂ ಬೇಕಿರಲಿಲ್ಲ.

ಹದಿನೇಳನೆಯ ದಿನ

1850ರ ದಶಕದಲ್ಲಿ ಜಪಾನು ಪರದೇಶಗಳಿಗೆ ಬಾಗಿಲು ತೆರೆಯಿತು. ನಾಗಸಾಕಿಯಲ್ಲಿ ನೆಲೆಸಿದ ವಿದೇಶೀಯರಿಗಾಗಿ ಓಉರಾ ಎಂಬಲ್ಲಿ ಫ್ರೆಂಚ್ ಪಾದ್ರಿಗಳು ಇಗರ್ಜಿ ಕಟ್ಟಿ 1865ರ ಫೆಬ್ರುವರಿಯಲ್ಲಿ ಪ್ರತಿಷ್ಠೆ ಮಾಡಿದರು. ಜಪಾನೀಯರಿಗೆ ಕ್ರೈಸ್ತ ಧರ್ಮ ಆಗಲೂ ನಿಷಿದ್ಧ. ಮಾರ್ಚ್ 17ರಂದು ಉರಕಾಮಿಯಿಂದ ಹದಿನೈದರಷ್ಟು ಜನ ಇಗರ್ಜಿ ನೋಡುವ ನೆಪದಲ್ಲಿ ಬಂದರು. ಅವರಲ್ಲಿ ಸುಗಿಮೋತೊ ಯುರಿ ಎಂಬ ಹೆಂಗಸು ಪಾದ್ರಿ ಬರ್ನಾರ್ಡ್ ಪೆತಿಜಾನ್‌ರ ಬಳಿ ಬಂದು, ತಮ್ಮ ಹೃದಯವೂ ಅವರದೂ ಒಂದೇ ಎಂದು ಪಿಸುದನಿಯಲ್ಲಿ ತಿಳಿಸಿ, ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಈ ಭೇಟಿ ಪ್ರಸಿದ್ಧವಾದದ್ದು. ಅದರಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ವಿವರವೊಂದಿದೆ. ಯೇಸುವಿನ ಹುಟ್ಟುಹಬ್ಬವನ್ನು ತಾವು ಹಿಮದ ತಿಂಗಳ 25ರಂದು ಆಚರಿಸುತ್ತೇವೆಂದೂ ಈಗ ದುಃಖದ ಕಾಲದ ಹದಿನೇಳನೆಯ ದಿನದಲ್ಲಿದ್ದೇವೆಂದೂ ಆ ರೈತರು ಪಾದ್ರಿಗೆ ಹೇಳಿದರು. ದುಃಖದ ಕಾಲವೆಂದರೆ ಈಸ್ಟರಿಗೆ ಮೊದಲಿನ ತಪಸ್ಸುಕಾಲ. 1865ರ ಈಸ್ಟರ್ ಏಪ್ರಿಲ್ 16ರಂದು. ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರ ಮಾರ್ಚ್ 1ರಂದು. ಅಲ್ಲಿಂದ ಎಣಿಸಿದರೆ ಮಾರ್ಚ್ 17 ಸರಿಯಾಗಿ ಹದಿನೇಳನೆಯ ದಿನ!

ಈಸ್ಟರ್ ನಿಂತ ಹಬ್ಬವಲ್ಲ. ಚಂದ್ರನ ಗತಿ ನೋಡಿ ವರ್ಷವರ್ಷವೂ ಎಣಿಸಬೇಕು. ಹೊರಗಿನ ಲೋಕದ ಸಂಪರ್ಕವಿಲ್ಲದೆ, ಪಾದ್ರಿಯಿಲ್ಲದೆ ಕಳೆದ ಇನ್ನೂರು ವರ್ಷಗಳ ಮೇಲೂ ಆ ಕಣಿವೆಯ ಪಂಚಾಂಗದವರ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಪ್ಯಾರಿಸ್ಸಿನಿಂದ ಬಂದ ಪಾದ್ರಿಯೂ ಉರಕಾಮಿಯ ರೈತರೂ ಅಂದು ಒಂದೇ ಉಪವಾಸದ ಒಂದೇ ದಿನದಲ್ಲಿದ್ದರು.

ಮರಳಿದವರು, ಮರಳದವರು

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1867ರಲ್ಲಿ ಉರಕಾಮಿಯವರು ತಮ್ಮ ಸತ್ತವರಿಗೆ ಭಿಕ್ಷುವಿನ ಕ್ರಿಯೆ ಬೇಡವೆಂದು ಬಹಿರಂಗವಾಗಿ ಹೇಳಿದರು. ಬಂಧನ, ಹಿಂಸೆ ಮೊದಲಾಯಿತು. ಟೊಕುಗಾವಾ ಆಡಳಿತ ಉರುಳಿ ಬಂದ ಮೇಜಿ ಸರಕಾರ ಇನ್ನೂ ಕಠಿಣವಾಯಿತು. 1868ರಿಂದ 1870ರ ನಡುವೆ ಸುಮಾರು 3,400 ಮಂದಿಯನ್ನು, ಅಂದರೆ ಹೆಚ್ಚುಕಡಿಮೆ ಇಡೀ ಊರನ್ನೇ, ಪಶ್ಚಿಮ ಜಪಾನಿನ ಹಲವು ಸೀಮೆಗಳಿಗೆ ಗಡೀಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಹಸಿವು, ಚಳಿ, ಹಿಂಸೆಗಳಿಂದ ಸತ್ತರು. ಆ ಜನ ಇದನ್ನು 'ತಾಬಿ', ಅಂದರೆ ಪ್ರಯಾಣ, ಎಂದು ಕರೆದರು. ಯೂರೋಪು ಅಮೆರಿಕಗಳ ಪ್ರತಿಭಟನೆಗೆ ಮಣಿದು 1873ರಲ್ಲಿ ಸರಕಾರ ನಿಷೇಧದ ಹಲಗೆಗಳನ್ನು ತೆಗೆಸಿತು.

ಮರಳಿ ಬಂದವರಿಗೆ ಕಂಡದ್ದು ಬಿದ್ದ ಮನೆಗಳು, ಹಾಳುಬಿದ್ದ ಗದ್ದೆಗಳು. ಮರುವರ್ಷವೇ ಆಮಶಂಕೆಯ ಬೇನೆ ಹಬ್ಬಿತು. ಗಡೀಪಾರಿನಿಂದ ಬಂದಿದ್ದ ಇವಾನಾಗಾ ಮಾಕಿ ಎಂಬ ಯುವತಿ ಗೆಳತಿಯರೊಡನೆ ರೋಗಿಗಳ ಆರೈಕೆಗೆ ನಿಂತು, ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದಳು. ಹಳೆಯ ಭಕ್ತಸಂಘಗಳು ಮಾಡುತ್ತಿದ್ದ ಕೆಲಸವೇ ಇದು. 1880ರಲ್ಲಿ ಊರಿನವರು ಹಳೆಯ ಮುಖಂಡನ ಮನೆಯನ್ನು ಕೊಂಡರು. ತಮ್ಮ ಅಜ್ಜ ಮುತ್ತಜ್ಜಂದಿರು ವರ್ಷವರ್ಷ ಫಲಕ ತುಳಿದಿದ್ದ ಜಾಗ ಅದು. ಅಲ್ಲೇ 1895ರಲ್ಲಿ ಇಗರ್ಜಿ ಕಟ್ಟತೊಡಗಿ, ಬಡ ರೈತರ ದುಡ್ಡಿನಲ್ಲಿ ನಿಧಾನವಾಗಿ ಮೇಲೆದ್ದ ಕಟ್ಟಡವನ್ನು 1914ರಲ್ಲಿ ಮುಗಿಸಿದರು.

ಆದರೆ ಗುಟ್ಟಿನ ಕ್ರೈಸ್ತರೆಲ್ಲರೂ ಇಗರ್ಜಿಗೆ ಮರಳಲಿಲ್ಲ. ಇಕಿತ್ಸುಕಿಯಲ್ಲೂ ಗೋಟೊ ದ್ವೀಪಗಳಲ್ಲೂ ಸೊತೊಮೆಯಲ್ಲೂ ದೊಡ್ಡ ಪಾಲು ಜನ ಹೊರಗೇ ಉಳಿದರು. ಪಾದ್ರಿಗಳ ಕಣ್ಣಿಗೆ ಅವರ ಪ್ರಾರ್ಥನೆ ತಪ್ಪು ಉಚ್ಚಾರದ್ದು, ದೀಕ್ಷೆ ಸಂದೇಹದ್ದು, ಮನೆಯಲ್ಲಿದ್ದ ಬೌದ್ಧ ಪೀಠ ಎತ್ತಿ ಹೊರಗಿಡಬೇಕಾದದ್ದು. ಅವರ ಕಣ್ಣಿಗೋ, ಆ ಪ್ರಾರ್ಥನೆ ಅಪ್ಪ ಹೇಳಿಕೊಟ್ಟದ್ದು, ಆ ಪೀಠ ಪೂರ್ವಜರದು. ಕಷ್ಟಕಾಲದಲ್ಲಿ ಸಮಾಧಾನ ಕೊಟ್ಟ ಒಳಕೋಣೆಯ ದೇವರನ್ನು ಒಳ್ಳೆಯ ಕಾಲ ಬಂತೆಂದು ಬಿಡುವುದು ಹೇಗೆ? ಇಗರ್ಜಿಯ ನೆನಪಿಗಾಗಿ ಹುಟ್ಟಿದ ಮನೆಯ ಆಚರಣೆ ಎಷ್ಟು ಆಪ್ತವಾಗಿತ್ತೆಂದರೆ, ಇಗರ್ಜಿಯೇ ಬಾಗಿಲಿಗೆ ಬಂದು ಕರೆದರೂ ಅವರು ಹೊರಡಲಿಲ್ಲ.

ಉರಿದ ಕಣಿವೆ

ಮರಳಿದವರ ಉರಕಾಮಿಗೆ ಇನ್ನೊಂದು ಪರೀಕ್ಷೆ ಕಾದಿತ್ತು. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅಣುಬಾಂಬು ಸಿಡಿದದ್ದು ಅವರ ಇಗರ್ಜಿಯಿಂದ ಅರ್ಧ ಕಿಲೋಮೀಟರಿನಷ್ಟು ದೂರದಲ್ಲಿ. ಕ್ಸೇವಿಯರ್ ಬಂದಿಳಿದ ದಿನವೂ ಆಗಿದ್ದ ಆಗಸ್ಟ್ 15ರ ಹಬ್ಬಕ್ಕೆ ಸಿದ್ಧತೆಯಾಗಿ ಆ ಹೊತ್ತು ಇಗರ್ಜಿಯಲ್ಲಿ ಪಾಪನಿವೇದನೆ ನಡೆಯುತ್ತಿತ್ತು. ಕೇಳುತ್ತಿದ್ದ ಇಬ್ಬರು ಪಾದ್ರಿಗಳೂ ಒಳಗಿದ್ದ ಜನರೂ ಸತ್ತರು. ಕಣಿವೆಯ 12,000 ಕ್ರೈಸ್ತರಲ್ಲಿ ಸುಮಾರು 8,500 ಮಂದಿ ಇಲ್ಲವಾದರೆಂದು ಲೆಕ್ಕ.

ಸತ್ತವರಲ್ಲಿ ಮಿದೊರಿ ಎಂಬ ಗೃಹಿಣಿಯೂ ಒಬ್ಬಳು. ಅವಳು ಉರಕಾಮಿಯ ಪಂಚಾಂಗದವರ ವಂಶದ ಮಗಳು. ಗಂಡ ನಾಗಾಯ್ ತಾಕಾಶಿ ಕ್ಷಕಿರಣ ವೈದ್ಯ. ತಾವೇ ಗಾಯಗೊಂಡಿದ್ದರೂ ರೋಗಿಗಳನ್ನು ನೋಡಿಕೊಂಡು, ಬಳಿಕ ಮನೆಯಿದ್ದ ಜಾಗಕ್ಕೆ ಹೋದಾಗ ಅವರಿಗೆ ಸಿಕ್ಕದ್ದು ಅವಳ ಮೂಳೆಗಳು ಮತ್ತು ಪಕ್ಕದಲ್ಲಿ ಕರಗಿದ ಜಪಸರ. ಸತ್ತವರನ್ನು ದೇವರಿಗೆ ಅರ್ಪಿತವಾದ ಬಲಿಯೆಂದು ಕಂಡ ನಾಗಾಯ್ ಅವರ ವ್ಯಾಖ್ಯಾನ ಕೆಲವರಿಗೆ ಸಾಂತ್ವನ ಕೊಟ್ಟಿತು. ಬಾಂಬು ಹಾಕಿದವರ ಹೊಣೆಯನ್ನು ಅದು ಮರೆಸುತ್ತದೆಂದು ಇನ್ನು ಕೆಲವರು ಟೀಕಿಸಿದರು. ವಾದ ಏನೇ ಇರಲಿ, ಊರಿನವರು ಮಾಡಿದ್ದು ತಮಗೆ ಗೊತ್ತಿದ್ದ ಕೆಲಸವನ್ನು. ಅವಶೇಷದಡಿ ಒಡೆಯದೆ ಉಳಿದಿದ್ದ ಒಂದು ಘಂಟೆಯನ್ನು ಅಗೆದು ತೆಗೆದು, ಮರದ ಕಂಬಗಳಿಗೆ ತೂಗುಹಾಕಿ, ಆ ವರ್ಷದ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಬಾರಿಸಿದರು. 1959ರಲ್ಲಿ ಇಗರ್ಜಿ ಮತ್ತೆ ಎದ್ದಿತು. ಒಡೆದುಹೋಗಿದ್ದ ಎರಡನೆಯ ಘಂಟೆಯ ಜಾಗಕ್ಕೆ ಅಮೆರಿಕದ ಕ್ರೈಸ್ತರು ಹಣ ಕೂಡಿಸಿ ಮಾಡಿಸಿದ ಹೊಸ ಘಂಟೆ ಬಂತು. 2025ರ ಆಗಸ್ಟ್ 9ರಂದು, 80 ವರ್ಷಗಳ ಬಳಿಕ, ಎರಡೂ ಕೂಡಿ ಮೊಳಗಿದವು.

ಶಾಂತಿಕಾಲದ ಸವಾಲು

2018ರಲ್ಲಿ ಯುನೆಸ್ಕೊ ನಾಗಸಾಕಿ ಸೀಮೆಯ ಗುಟ್ಟಿನ ಕ್ರೈಸ್ತರ 12 ನೆಲೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾರಾ ಕೋಟೆಯ ಅವಶೇಷ, ಓಉರಾದ ಇಗರ್ಜಿ, ನಾಕಾಎನೊಶಿಮಾದ ಬಂಡೆ ಎಲ್ಲವೂ ಅದರಲ್ಲಿವೆ. ಪ್ರವಾಸಿಗರು ಬರುತ್ತಾರೆ. ಆದರೆ ಇಕಿತ್ಸುಕಿಯಲ್ಲಿ ಒರಾಶೊ ಬಲ್ಲವರು ಈಗ ಬೆರಳೆಣಿಕೆಯ ಹಿರಿಯರು. ಮಕ್ಕಳು ಓದು, ಕೆಲಸವೆಂದು ನಗರ ಸೇರಿದ್ದಾರೆ. ಬಾಯಿಪಾಠಕ್ಕೆ ಕೂರಿಸಲು ಮನೆಯಲ್ಲಿ ಯಾರೂ ಇಲ್ಲ. ಒಂದೊಂದಾಗಿ ಗುಂಪುಗಳು ಮುಚ್ಚುತ್ತಿವೆ. ಒಳಕೋಣೆಯ ದೇವರ ಸುರುಳಿಗಳಲ್ಲಿ ಕೆಲವು ದ್ವೀಪದ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಸೇರಿವೆ.

ಬಹುಮಾನದ ಹಲಗೆ, ಐದು ಮನೆಗಳ ಕಾವಲು, ಹಿತ್ತಾಳೆಯ ಫಲಕ ಯಾವುದೂ ಅಳಿಸಲಾರದ್ದನ್ನು ಬಸ್ಸು, ಶಾಲೆ, ಕಾರ್ಖಾನೆಯ ಸಂಬಳ ಸದ್ದಿಲ್ಲದೆ ಅಳಿಸುತ್ತಿವೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಭಯವಿಲ್ಲದ ಬದುಕು ಆ ಪೂರ್ವಜರೂ ಬೇಡಿಕೊಂಡದ್ದೇ. ಆದರೂ ಅವರ ಇತಿಹಾಸ ಒಂದು ಮಾತನ್ನು ತಿಳಿಸಿಕೊಡುತ್ತದೆ. ಆಪತ್ತಿನಲ್ಲಿ ಜನರಿಗೆ ಒದಗಿದ ಸಮಾಧಾನ ಆಪತ್ತು ಬಂದ ದಿನ ಹುಟ್ಟಿದ್ದಲ್ಲ. ನಿಷೇಧಕ್ಕೆ ಎಷ್ಟೋ ವರ್ಷ ಮೊದಲೇ, ಇನ್ನೂ ಇಗರ್ಜಿಗಳಿದ್ದಾಗ, ಪಾದ್ರಿ ಬಾರದ ಭಾನುವಾರಗಳಲ್ಲಿ ಯಾರದೋ ಮನೆಯ ಜಗಲಿಯಲ್ಲಿ ಕುಳಿತು ಮಕ್ಕಳಿಗೆ ಪ್ರಾರ್ಥನೆ ಕಲಿಸಿದ ಹೆಸರಿಲ್ಲದ ರೈತರು ಅದನ್ನು ಕೂಡಿಟ್ಟಿದ್ದರು. ಅವರಿಗೆ ಅದು ವಾರದ ಮಾಮೂಲು ಕೆಲಸವಾಗಿತ್ತು.